ಲೇಔಟ್‌ಗೆ ಮೊದಲೇ ಚಿಪ್‌ನ ವೇಗದ ಅಂದಾಜು: ನನ್ನ ಅನುಭವ

ಚಿಪ್ ಎಷ್ಟು ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ ಅಂತ ತಿಳಿಯಲು ಲೇಔಟ್ (ಗೇಟ್, ತಂತಿಗಳು ಚಿಪ್ ಮೇಲೆ ಎಲ್ಲಿರಬೇಕು ಎಂಬ ನಕ್ಷೆ) ಮುಗಿಯುವ ತನಕ ಕಾಯಬೇಕಿಲ್ಲ. ಟೆಕ್ನಾಲಜಿಯ ಕೆಲವೇ ಅಂಕಿಗಳಿಂದ ಒಳ್ಳೆಯ ಅಂದಾಜು ಸಿಗುತ್ತದೆ. 1990ರ ದಶಕದ ಕೊನೆಗೆ ಬರ್ಕ್‌ಲಿಯಲ್ಲಿ ತಯಾರಾದ ಬ್ಯಾಕ್‌ಪ್ಯಾಕ್ (BACPAC) ಎಂಬ ಟೂಲ್ ಇದನ್ನೇ ಮಾಡುತ್ತಿತ್ತು. ಕ್ಯಾಶ್ ಮೆಮೊರಿಗಾದರೆ ಕ್ಯಾಕ್ಟಿ (CACTI) ಎಂಬ ಟೂಲ್ ಇದೆ. ನನಗೆ ಬೇಕಿದ್ದದ್ದು ಚಿಪ್ ತಯಾರಿಸುವ ಸ್ಕೈವಾಟರ್ ಕಂಪನಿಯ 130 ನ್ಯಾನೋಮೀಟರ್ ಪ್ರೊಸೆಸ್‌ಗೆ (ತಯಾರಿಕಾ ವಿಧಾನಕ್ಕೆ) ಅಂಥದ್ದೇ ಟೂಲ್. ಅದರ ಪಿಡಿಕೆ, ಅಂದರೆ ಚಿಪ್ ವಿನ್ಯಾಸಕ್ಕೆ ಬೇಕಾದ ಅಂಕಿ-ನಿಯಮಗಳ ಕಟ್ಟು, 2020ರಿಂದ ಎಲ್ಲರಿಗೂ ಮುಕ್ತವಾಗಿದೆ. ಹಾಗಾಗಿ ಪೈಥಾನ್‌ನಲ್ಲಿ ನಾನೇ ಬರೆದುಕೊಂಡೆ.

ಮೊದಲು ಗೇಟ್ ಡಿಲೇ, ಅಂದರೆ ಒಂದು ಗೇಟ್ ದಾಟಲು ಸಿಗ್ನಲ್‌ಗೆ ಹಿಡಿಯುವ ಸಮಯ. ಒಂದು ಇನ್ವರ್ಟರ್ (ಸಿಗ್ನಲ್ ತಿರುಗಿಸುವ ಸರಳ ಗೇಟ್) ತನ್ನಂಥ ನಾಲ್ಕನ್ನು ಓಡಿಸಲು ಬೇಕಾಗುವ ಸಮಯಕ್ಕೆ ಎಫ್‌ಓ4 ಅನ್ನುತ್ತಾರೆ. ಎನ್‌ಜಿಸ್ಪೈಸ್ ಎಂಬ ಸರ್ಕ್ಯೂಟ್ ಸಿಮ್ಯುಲೇಟರ್‌ನಲ್ಲಿ ಐದು ಇನ್ವರ್ಟರ್‌ಗಳನ್ನು ಸಾಲಾಗಿ ಇಟ್ಟೆ, ಪ್ರತಿಯೊಂದೂ ಹಿಂದಿನದರ ನಾಲ್ಕು ಪಟ್ಟು ದೊಡ್ಡದು. ಮೂರನೆಯದರ ಡಿಲೇ ಮಾತ್ರ ಅಳೆದೆ. ಮೊದಲೆರಡು ಇರುವುದು ಅದಕ್ಕೆ ಸಿಗುವ ಸಿಗ್ನಲ್‌ನ ಇಳಿಜಾರು ನಿಜವಾದ ಸರ್ಕ್ಯೂಟ್‌ನಲ್ಲಿ ಇರುವಂತೆಯೇ ಇರಲಿ ಅಂತ. ಒಂದು ಪೈಪ್‌ಲೈನ್ ಹಂತಕ್ಕೆ (ಒಂದು ಕ್ಲಾಕ್ ಸುತ್ತಿನಲ್ಲಿ ಮುಗಿಯಬೇಕಾದ ಕೆಲಸಕ್ಕೆ) ಇಷ್ಟು ಎಫ್‌ಓ4 ಅಂತ ಲೆಕ್ಕ ಹಾಕಿ, ಫ್ಲಾಪ್‌ನ (ಹಂತಗಳ ನಡುವೆ ಬಿಟ್ ಹಿಡಿದಿಡುವ ಸರ್ಕ್ಯೂಟ್‌ನ) ಸಮಯವನ್ನೂ ಕ್ಲಾಕ್ ಸ್ಕ್ಯೂವನ್ನೂ (ಕ್ಲಾಕ್ ಬೇರೆ ಬೇರೆ ಕಡೆ ತಲುಪುವ ಸಮಯದ ವ್ಯತ್ಯಾಸವನ್ನೂ) ಕೂಡಿಸಿದರೆ ತರ್ಕದ ಭಾಗ ಮುಗಿಯಿತು.

ನಿಜವಾದ ಕಥೆ ತಂತಿಯಲ್ಲಿದೆ. ಮೊದಲ ಲೋಹದ ಪದರವಾದ ಮೆಟ್1ರ ಶೀಟ್ ರೆಸಿಸ್ಟೆನ್ಸ್ (ಪದರದ ಒಂದು ಚೌಕದ ರೆಸಿಸ್ಟೆನ್ಸ್) ಸುಮಾರು 0.125 ಓಮ್, ಕನಿಷ್ಠ ಅಗಲ 0.14 ಮೈಕ್ರೋಮೀಟರ್. ಅಂದರೆ 1 ಮಿಲಿಮೀಟರ್‌ಗೆ ಸುಮಾರು 890 ಓಮ್. ಕೆಪಾಸಿಟೆನ್ಸ್ ಮೈಕ್ರೋಮೀಟರ್‌ಗೆ 0.2 ಫೆಮ್ಟೋಫ್ಯಾರಡ್ ಅಂತ ಇಟ್ಟುಕೊಂಡೆ. 0.38 ಗುಣಿಸು ಆರ್ (ರೆಸಿಸ್ಟೆನ್ಸ್) ಗುಣಿಸು ಸಿ (ಕೆಪಾಸಿಟೆನ್ಸ್) ಲೆಕ್ಕದಲ್ಲಿ ಡಿಲೇ 68 ಪಿಕೋಸೆಕೆಂಡ್ ಬಂತು. ಉದ್ದ 2 ಮಿಲಿಮೀಟರ್ ಆದರೆ ಡಿಲೇ ನಾಲ್ಕು ಪಟ್ಟು, 270! ನಡುವೆ ಬಫರ್ (ಸಿಗ್ನಲ್‌ಗೆ ಮತ್ತೆ ಬಲ ಕೊಡುವ ಗೇಟ್) ಹಾಕೋಣ ಅಂದರೆ ತಂತಿಯಲ್ಲಿ ಉಳಿಯುವುದು 135. ಅದರ ಮೇಲೆ ಬಫರ್‌ನ ಡಿಲೇಯೂ ಸೇರುತ್ತದೆ. ಅದೇ ತಂತಿಯನ್ನು ಮೆಟ್3ಕ್ಕೆ ಏರಿಸಿ ನೋಡಿ. ಅಲ್ಲಿ 0.047 ಓಮ್, ಅಗಲ 0.3. ಡಿಲೇ 50ರ ಆಸುಪಾಸಿಗೆ ಇಳಿಯುತ್ತದೆ. ಯಾವ ಪದರ ಅಂತ ಹೇಳದೆ ತಂತಿಯ ಡಿಲೇ ಹೇಳುವ ಟೂಲ್ ನನಗಂತೂ ಬೇಡ. ಮೆಟ್1ರ ಕೆಳಗಿನ ಪದರವಾದ ಲೋಕಲ್ ಇಂಟರ್‌ಕನೆಕ್ಟ್‌ನಲ್ಲಂತೂ ಶೀಟ್ ರೆಸಿಸ್ಟೆನ್ಸ್ ಮೆಟ್1ರ ನೂರು ಪಟ್ಟು. ಅದರಲ್ಲಿ ದೂರ ಹೋಗುವ ಮಾತೇ ಇಲ್ಲ.

ಸ್ವಿಚಿಂಗ್‌ಗೆ ಖರ್ಚಾಗುವ ಪವರ್‌ನ ಲೆಕ್ಕ ಸುಲಭ. ಆಕ್ಟಿವಿಟಿ (ಸಿಗ್ನಲ್ ಎಷ್ಟು ಸಲ ಬದಲಾಗುತ್ತದೆ ಎಂಬ ಪ್ರಮಾಣ), ಕೆಪಾಸಿಟೆನ್ಸ್, ವೋಲ್ಟೇಜ್‌ನ ವರ್ಗ, ಫ್ರೀಕ್ವೆನ್ಸಿ ಗುಣಿಸಿದರೆ ಸಾಕು.

ಪ್ರೊಸೆಸ್‌ನ ಅಂಕಿಗಳನ್ನು ಸೂತ್ರಗಳ ಜೊತೆ ಬೆರೆಸದೆ ಬೇರೆ ಫೈಲ್‌ನಲ್ಲಿ ಇಟ್ಟಿದ್ದೇನೆ. ಹೊಸ ಪ್ರೊಸೆಸ್ ಬಂದರೆ ಆ ಫೈಲ್ ಬದಲಿಸಿದರಾಯಿತು, ಅಲ್ವಾ? ಪ್ರತಿ ಕಾರ್ನರ್‌ಗೂ (ಟ್ರಾನ್ಸಿಸ್ಟರ್ ವೇಗ, ತಾಪಮಾನ, ವೋಲ್ಟೇಜ್‌ಗಳ ಒಂದೊಂದು ಜೋಡಣೆಗೂ) ಎಫ್‌ಓ4 ಬೇರೆ ಬೇರೆಯಾಗಿ ಅಳೆದು ಅದರಲ್ಲೇ ಬರೆದಿದ್ದೇನೆ. ಟಿಟಿ (ಸಾಮಾನ್ಯ ವೇಗದ ಟ್ರಾನ್ಸಿಸ್ಟರ್‌ಗಳ) ಕಾರ್ನರ್‌ನ ವೇಗವನ್ನು ನಾನು ಯಾರಿಗೂ ಕೊಡುವುದಿಲ್ಲ. ಎಸ್‌ಎಸ್ (ನಿಧಾನದ ಟ್ರಾನ್ಸಿಸ್ಟರ್‌ಗಳು), 100 ಡಿಗ್ರಿ, 1.60 ವೋಲ್ಟ್‌ನಲ್ಲಿ ಬಂದದ್ದನ್ನೇ ಕೊಡುತ್ತೇನೆ.