ಸ್ಲಾಪಿ ಜೋ: ಸಾಸಿನಲ್ಲಿ ಬೆಂದ ಖೀಮಾ ಬನ್ ಅನ್ನು ಬಳ್ಳಾರಿಯ ಅಡುಗೆಮನೆಯಲ್ಲಿ ಮಾಡುವ ವಿಧಾನ

ಖೀಮಾ ಎಂದೊಡನೆ ನಮ್ಮ ಬಳ್ಳಾರಿಯ ಅಡುಗೆಮನೆಗಳಲ್ಲಿ ಕೈ ತಾನಾಗಿಯೇ ಗರಂ ಮಸಾಲೆಯ ಡಬ್ಬಿಯ ಕಡೆಗೆ ಹೋಗುತ್ತದೆ. ಸ್ಲಾಪಿ ಜೋ ಮಾಡುವ ದಿನ ಮಾತ್ರ ಆ ಡಬ್ಬಿಯ ಮುಚ್ಚಳ ತೆಗೆಯಬಾರದು ಎಂಬುದು ನನ್ನ ಮೊದಲ ಕೋರಿಕೆ. ಚಕ್ಕೆ, ಲವಂಗ, ಏಲಕ್ಕಿ ಬಿದ್ದ ಕೂಡಲೇ ಅದು ನಾವೆಲ್ಲ ಬಲ್ಲ ಖೀಮಾ ಪಾವ್ ಆಗಿಬಿಡುತ್ತದೆ. ಖೀಮಾ ಪಾವ್ ಒಳ್ಳೆಯ ತಿನಿಸೇ ಹೌದು, ಆದರೆ ಅದರ ದಾರಿ ಬೇರೆ. ಸ್ಲಾಪಿ ಜೋದಲ್ಲಿ ನಾಲಿಗೆಗೆ ಮೊದಲು ಸಿಗಬೇಕಾದದ್ದು ಚೆನ್ನಾಗಿ ಹುರಿದ ಮಾಂಸದ ರುಚಿ, ಅದರ ಬೆನ್ನಿಗೇ ಟೊಮೆಟೊದ ಹುಳಿ ಮತ್ತು ಬೆಲ್ಲದ ಸಿಹಿ. ಖಾರವು ಹಿಂದೆ ನಿಂತು ನೆರವಾದರೆ ಸಾಕು.

ಅಮೆರಿಕದ ಈ ತಿನಿಸಿನಲ್ಲಿ ದನದ ಮಾಂಸದ ಖೀಮಾವನ್ನು ಈರುಳ್ಳಿಯೊಡನೆ ಹುರಿದು, ಟೊಮೆಟೊ ಸಾಸಿನಲ್ಲಿ ಗಟ್ಟಿಯಾಗುವವರೆಗೆ ಕುದಿಸಿ, ದುಂಡನೆಯ ಮೆತ್ತನೆಯ ಬನ್ನಿನ ನಡುವೆ ತುಂಬುತ್ತಾರೆ. ಕಚ್ಚಿದಾಗ ಸಾಸು ಬೆರಳಿಗೆಲ್ಲ ಮೆತ್ತಿಕೊಳ್ಳುವ ತಿನಿಸಾದ್ದರಿಂದ ‘ಸ್ಲಾಪಿ’ ಎಂಬ ಮಾತು ಇದಕ್ಕೆ ಒಪ್ಪುತ್ತದೆ. ಹಂಟ್ಸ್ ಕಂಪನಿಯು 1969ರಲ್ಲಿ ‘ಮ್ಯಾನ್‌ವಿಚ್’ ಎಂಬ ಡಬ್ಬಿ ಸಾಸನ್ನು ಮಾರಾಟಕ್ಕೆ ತಂದ ಮೇಲೆ ಅಲ್ಲಿನ ಮನೆಗಳಲ್ಲಿ ಖೀಮಾ ಹುರಿದು ಡಬ್ಬಿ ಸುರಿಯುವ ಪದ್ಧತಿ ಬೆಳೆಯಿತು. ನಮಗೆ ಆ ಡಬ್ಬಿಯ ಅಗತ್ಯವಿಲ್ಲ. ಅದರೊಳಗಿನ ರುಚಿಯನ್ನು ಕಟ್ಟಲು ಬೇಕಾದ ಸಾಮಾನು ಮೂಲೆಯ ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ.

ಮಾಂಸದ ಆಯ್ಕೆಯನ್ನು ಮೊದಲು ತೀರ್ಮಾನಿಸಿಕೊಳ್ಳೋಣ. ಕರ್ನಾಟಕದ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆಯು ಹಸು, ಕರು, ಹೋರಿ, ಎತ್ತುಗಳ ಜೊತೆಗೆ 13 ವರ್ಷದೊಳಗಿನ ಎಮ್ಮೆ, ಕೋಣಗಳ ವಧೆಯನ್ನೂ ನಿಷೇಧಿಸಿರುವುದರಿಂದ, ಇಲ್ಲಿ ಮಾಡುವವರಿಗೆ ಸುಲಭವಾಗಿ ಒದಗುವುದು ಕುರಿಯ ಮಾಂಸ. ಅದೇನೂ ಕಡಿಮೆಯ ಆಯ್ಕೆಯಲ್ಲ. ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತ ಬಳ್ಳಾರಿ ಕುರಿ ಒಂದು ತಳಿಯಾದರೆ, ರಾಯಚೂರು, ಕೊಪ್ಪಳದ ಕಡೆ ಸಾಕುವ ಕಂದು ಬಣ್ಣದ ಕೆಂಗುರಿ ಮಾಂಸಕ್ಕಾಗಿಯೇ ಹೆಸರಾದದ್ದು. ಮುಂಗಾಲಿನ ಭುಜದ ಭಾಗವನ್ನು ಕೇಳಿ ಪಡೆಯಿರಿ. ತೊಡೆಯ ಮಾಂಸ ನೋಡಲು ಅಂದವಾಗಿದ್ದರೂ ಅದರಲ್ಲಿ ಕೊಬ್ಬು ಕಡಿಮೆ ಇರುವುದರಿಂದ ಖೀಮಾ ಒಣಗಿದಂತಾಗುತ್ತದೆ. ಅರ್ಧ ಕಿಲೋ ಖೀಮಾದಲ್ಲಿ ಸುಮಾರು 75ರಿಂದ 100 ಗ್ರಾಂ ಕೊಬ್ಬಿದ್ದರೆ ಹದವಾಗಿರುತ್ತದೆ. ಯಂತ್ರದಲ್ಲಿ ಒಮ್ಮೆ ಮಾತ್ರ ಹಾಯಿಸಿದ, ಸ್ವಲ್ಪ ದಪ್ಪನೆಯ ಖೀಮಾ ಬೇಕು. ಎರಡೆರಡು ಸಲ ಹಾಯಿಸಿದ ನುಣ್ಣನೆಯ ಖೀಮಾ ಕಬಾಬಿಗೆ ಸರಿ. ಇಲ್ಲಿ ಅದು ಸಾಸಿನೊಳಗೆ ಕರಗಿ ಗಂಜಿಯಂತಾಗಿಬಿಡುತ್ತದೆ.

ಇನ್ನು ತೊಳೆಯುವ ವಿಷಯ. ಮೊದಲ ಸಲ ಈ ಅಡುಗೆಯನ್ನು ನಾನು ಕೆಡಿಸಿದ್ದು ಇಲ್ಲಿಯೇ. ಮಾಂಸವನ್ನು ಎರಡು ಮೂರು ನೀರಿನಲ್ಲಿ ತೊಳೆಯದೆ ಒಲೆಯ ಮೇಲಿಡುವುದು ನಮ್ಮ ಮನೆಗಳ ರೂಢಿಯಲ್ಲಿಲ್ಲ. ನಾನೂ ಖೀಮಾವನ್ನು ಜರಡಿಗೆ ಹಾಕಿ ನಲ್ಲಿಯ ಕೆಳಗೆ ಹಿಡಿದೆ. ಕೊಚ್ಚಿದ ಮಾಂಸ ಸ್ಪಂಜಿನಂತೆ ನೀರು ಹೀರಿಕೊಂಡಿತು, ಎಷ್ಟು ಹಿಂಡಿದರೂ ಬಿಡಲಿಲ್ಲ. ಬಾಣಲೆಗೆ ಹಾಕಿದ ಎರಡೇ ನಿಮಿಷಕ್ಕೆ ಬೂದಿ ಬಣ್ಣದ ನೀರಿನಲ್ಲಿ ಮಾಂಸ ತೇಲಾಡತೊಡಗಿತು. ಅರ್ಧ ಗಂಟೆಯ ಮೇಲೆ ನೀರೇನೋ ಆರಿತು. ಅಷ್ಟರಲ್ಲಿ ಮಾಂಸ ರಬ್ಬರಿನ ಕಾಳಿನಂತಾಗಿತ್ತು, ಹುರಿದ ಘಮವೂ ಇರಲಿಲ್ಲ. ಇದಕ್ಕೆ ಪರಿಹಾರ ಬಹಳ ಸರಳ. ಅಂಗಡಿಯಲ್ಲಿಯೇ “ಮೊದಲು ತುಂಡು ತೊಳೆದುಬಿಡ್ರಿ ಅಣ್ಣ, ನೀರು ಬಸಿದ ಮ್ಯಾಲೆ ಖೀಮಾ ಮಾಡ್ರಿ” ಎಂದು ಹೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ. ಮನೆಗೆ ತಂದ ಮೇಲೆ ಖೀಮಾವನ್ನು ತೊಳೆಯದೆ, ಒಣಗಿದ ಬಿಳಿ ಬಟ್ಟೆಯ ಮೇಲೆ ಹರಡಿ ಮೆಲ್ಲಗೆ ಒತ್ತಿ ತೇವ ತೆಗೆಯಿರಿ. ತೊಳೆಯದಿದ್ದರೆ ಶುದ್ಧಿ ಹೇಗೆಂಬ ಅಳುಕು ಬೇಡ. ಕೊಚ್ಚುವಾಗ ಮೇಲ್ಭಾಗದಲ್ಲಿದ್ದ ಸೂಕ್ಷ್ಮಜೀವಿಗಳು ಮಾಂಸದ ಒಳಗೆಲ್ಲ ಬೆರೆಯುವುದರಿಂದ ಆಮೇಲೆ ತೊಳೆದು ಫಲವಿಲ್ಲ, ಅವುಗಳನ್ನು ಕೊಲ್ಲುವುದು ಬೆಂಕಿ. ಖೀಮಾದ ಒಳಗಿನ ಬಿಸಿ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು, ಮತ್ತು ಇಲ್ಲಿ ಹೇಳುತ್ತಿರುವಷ್ಟು ಹೊತ್ತು ಕುದಿಸಿದರೆ ಅದು ಆ ಮಟ್ಟವನ್ನು ದಾಟಿರುತ್ತದೆ.

ಅರ್ಧ ಕಿಲೋ ಖೀಮಾದಿಂದ ಐದಾರು ಬನ್ ತುಂಬಬಹುದು. ಅದಕ್ಕೆ ಒಂದು ದೊಡ್ಡ ಉಳ್ಳಾಗಡ್ಡಿ, ಒಂದು ಹಸಿರು ಕ್ಯಾಪ್ಸಿಕಂ, ಆರು ಎಸಳು ಬೆಳ್ಳುಳ್ಳಿ, ಚೆನ್ನಾಗಿ ಹಣ್ಣಾದ ಮೂರು ಟೊಮೆಟೊ, ಅರ್ಧ ಬಟ್ಟಲು ಟೊಮೆಟೊ ಕೆಚಪ್, ಒಂದು ದೊಡ್ಡ ಚಮಚ ಪುಡಿ ಮಾಡಿದ ಬೆಲ್ಲ, ಒಂದು ದೊಡ್ಡ ಚಮಚ ಗಟ್ಟಿ ಹುಣಸೆ ರಸ, ಒಂದು ಸಣ್ಣ ಚಮಚ ಸೋಯಾ ಸಾಸ್, ಅರ್ಧ ಸಣ್ಣ ಚಮಚ ಸಾಸಿವೆ ಪುಡಿ, ಒಂದು ಸಣ್ಣ ಚಮಚ ಬ್ಯಾಡಗಿ ಮೆಣಸಿನಕಾಯಿಯ ಪುಡಿ, ಸ್ವಲ್ಪ ಕರಿಮೆಣಸಿನ ಪುಡಿ, ಉಪ್ಪು ಮತ್ತು ಒಂದೆರಡು ಚಮಚ ಶೇಂಗಾ ಎಣ್ಣೆ ಬೇಕಾಗುತ್ತವೆ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಇರುವ ಗುಂಟೂರಿನ ಖಾರದ ಪುಡಿಯನ್ನು ಅಷ್ಟೇ ಅಳತೆಯಲ್ಲಿ ಹಾಕಿದರೆ ಉಳಿದ ರುಚಿಗಳೆಲ್ಲ ಮುಚ್ಚಿಹೋಗುತ್ತವೆ. ಬ್ಯಾಡಗಿಯಾದರೆ ಕೆಂಪು ಬಣ್ಣ ಕೊಟ್ಟು ಸುಮ್ಮನಾಗುತ್ತದೆ.

ಹುಣಸೆಯನ್ನು ಕಂಡು ಇದು ನಮ್ಮವರು ಮಾಡಿಕೊಂಡ ಬದಲಾವಣೆ ಎಂದು ತೋರಬಹುದು. ಅಮೆರಿಕದ ಪಾಕವಿಧಾನಗಳು ಈ ಜಾಗದಲ್ಲಿ ವೂಸ್ಟರ್ ಸಾಸನ್ನು ಹೇಳುತ್ತವೆ. ಇಂಗ್ಲೆಂಡಿನ ವೂಸ್ಟರ್ ಪಟ್ಟಣದ ಲೀ ಅಂಡ್ ಪೆರಿನ್ಸ್ 1837ರಿಂದ ಮಾರುತ್ತ ಬಂದಿರುವ ಆ ಸಾಸಿನೊಳಗೆ ವಿನೆಗರ್, ಉಪ್ಪುಮೀನು, ಕಾಕಂಬಿಗಳ ಜೊತೆಗೆ ಹುಣಸೆಯೂ ಇದೆ. ಆದ್ದರಿಂದ ಹುಣಸೆ ರಸ, ಬೆಲ್ಲ ಮತ್ತು ಸೋಯಾ ಸಾಸ್ ಸೇರಿಸುವಾಗ ನಾವು ಮೂಲದಿಂದ ಬಹಳ ದೂರವೇನೂ ಹೋಗುತ್ತಿಲ್ಲ.

ಪಾತ್ರೆ ಅಗಲವಾಗಿರಲಿ, ತಳ ದಪ್ಪವಾಗಿರಲಿ. ಕಬ್ಬಿಣದ ಬಾಣಲೆ ಮಾಂಸ ಹುರಿಯುವುದಕ್ಕೆ ಉತ್ತಮ, ಆದರೆ ಟೊಮೆಟೊ ಮತ್ತು ಹುಣಸೆಯ ಹುಳಿ ಅದರಲ್ಲಿ ಬಹಳ ಹೊತ್ತು ಕುದಿದರೆ ಸಾಸು ಕಪ್ಪಾಗಿ ಲೋಹದ ರುಚಿ ಬರುತ್ತದೆ. ನಾನು ಬಳಸುವುದು ದಪ್ಪ ತಳದ ಸ್ಟೀಲ್ ಪಾತ್ರೆ. ಅದನ್ನು ದೊಡ್ಡ ಉರಿಯ ಮೇಲಿಟ್ಟು ಒಂದು ಚಮಚ ಎಣ್ಣೆ ಹಾಕಿ, ಎಣ್ಣೆಯಿಂದ ಸಣ್ಣಗೆ ಹೊಗೆ ಏಳುವ ಹೊತ್ತಿಗೆ ಖೀಮಾದ ಅರ್ಧ ಭಾಗವನ್ನು ಮಾತ್ರ ತೆಳುವಾಗಿ ಹರಡಬೇಕು. ಒಂದೇ ಸಲಕ್ಕೆ ಎಲ್ಲವನ್ನೂ ಹಾಕಿದರೆ ಪಾತ್ರೆ ತಣ್ಣಗಾಗಿ ಮಾಂಸ ಮತ್ತೆ ನೀರು ಬಿಡುತ್ತದೆ. ಹರಡಿದ ಮೇಲೆ ಮೂರು ನಿಮಿಷ ಚಮಚ ಹಾಕಬೇಡಿ. ಇಡೀ ಅಡುಗೆಯಲ್ಲಿ ಕಷ್ಟದ ಕೆಲಸವೆಂದರೆ ಈ ಮೂರು ನಿಮಿಷ ಕೈ ಕಟ್ಟಿ ನಿಲ್ಲುವುದೇ.

ಆ ಹೊತ್ತಿನಲ್ಲಿ ಕಿವಿಗೊಟ್ಟು ಕೇಳಿದರೆ ಬಾಣಲೆಯೇ ಎಲ್ಲವನ್ನೂ ಹೇಳುತ್ತದೆ. ಮೊದಲಿಗೆ ಕೇಳುವುದು ಕುದಿಯುವ ನೀರಿನ ಮಂದವಾದ ತಕತಕ ಸದ್ದು, ಜೊತೆಗೆ ಬಿಳಿಯ ಆವಿ. ನೀರಿರುವವರೆಗೆ ಮಾಂಸದ ಬಿಸಿ 100 ಡಿಗ್ರಿಯ ಆಚೆಗೆ ಏರುವುದಿಲ್ಲ. ಕಂದು ಬಣ್ಣ ಮತ್ತು ಹುರಿದ ಘಮ ಚೆನ್ನಾಗಿ ಹುಟ್ಟಬೇಕಾದರೆ ಮಾಂಸದ ಮೇಲ್ಮೈ ಸುಮಾರು 140 ಡಿಗ್ರಿಗೆ ಏರಬೇಕು. ನೀರು ಮುಗಿಯುತ್ತ ಬಂದಂತೆ ಸದ್ದು ಒಣಗಿ, ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವಂಥ ಚಟಪಟ ಶುರುವಾಗುತ್ತದೆ, ಆವಿ ತೆಳುವಾಗುತ್ತದೆ, ಅಂಚಿನ ಚೂರುಗಳು ಅಡಿಕೆಯ ಬಣ್ಣಕ್ಕೆ ತಿರುಗುತ್ತವೆ. ಆಗ ಮಗುಚಿ, ಚಮಚದ ಬೆನ್ನಿನಿಂದ ಗಂಟುಗಳನ್ನು ಒಡೆಯುತ್ತ ಇನ್ನೆರಡು ನಿಮಿಷ ಹುರಿದು ತೆಗೆಯಿರಿ. ಉಳಿದರ್ಧವನ್ನೂ ಹೀಗೆಯೇ ಮಾಡಿ. ಪಾತ್ರೆಯನ್ನು ವಾರೆ ಮಾಡಿ, ಸೇರಿದ ಕೊಬ್ಬಿನಲ್ಲಿ ಎರಡು ಚಮಚದಷ್ಟನ್ನು ಉಳಿಸಿಕೊಂಡು ಮಿಕ್ಕದ್ದನ್ನು ತೆಗೆದುಬಿಡಿ. ಕುರಿಯ ಕೊಬ್ಬು ತಣ್ಣಗಾದೊಡನೆ ಹೆಪ್ಪುಗಟ್ಟಿ ಅಂಗುಳಿಗೆ ಮೆತ್ತಿಕೊಳ್ಳುವುದರಿಂದ ಈ ಕೆಲಸವನ್ನು ಬಿಡುವಂತಿಲ್ಲ. ತಳಕ್ಕೆ ಹಿಡಿದ ಕಂದು ಪದರವನ್ನು ಮಾತ್ರ ತಿಕ್ಕಿ ತೆಗೆಯಬೇಡಿ. ಅದು ಸಾಸಿನ ಜೀವ.

ಉಳಿಸಿದ ಕೊಬ್ಬಿನಲ್ಲೇ ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಕ್ಯಾಪ್ಸಿಕಂಗಳನ್ನು ನಡು ಉರಿಯಲ್ಲಿ ಏಳೆಂಟು ನಿಮಿಷ ಬಾಡಿಸಿ, ಕೊನೆಯ ನಿಮಿಷದಲ್ಲಿ ಜಜ್ಜಿದ ಬೆಳ್ಳುಳ್ಳಿ, ಖಾರದ ಪುಡಿ, ಸಾಸಿವೆ ಪುಡಿ ಹಾಕಿ ತಿರುವಿ. ರುಬ್ಬಿದ ಟೊಮೆಟೊ ಸೇರಿಸಿ, ಅದರ ಹಸಿ ವಾಸನೆ ಹೋಗಿ ಎಣ್ಣೆ ಅಂಚಿನಲ್ಲಿ ಬಿಡುವವರೆಗೆ ಕಾಯಿರಿ. ನಂತರ ಹುರಿದ ಖೀಮಾ ಮತ್ತು ಒಂದೂವರೆ ಬಟ್ಟಲು ಬಿಸಿನೀರು. ಇಷ್ಟು ಹೊತ್ತು ನೀರನ್ನು ಓಡಿಸಿ ಈಗ ಮತ್ತೆ ನೀರು ಹಾಕುವುದೇಕೆ ಎಂದು ಕೇಳುವವರಿದ್ದಾರೆ. ಹಸಿ ಮಾಂಸದ ನೀರು ಹುರಿಯುವುದಕ್ಕೆ ಅಡ್ಡಿ. ಹುರಿದ ಮೇಲೆ ಹಾಕುವ ನೀರು ತಳದ ಕಂದು ಪದರವನ್ನು ಬಿಡಿಸಿ ಸಾಸಿಗೆ ಸೇರಿಸುತ್ತದೆ, ಕುರಿಯ ಮಾಂಸವನ್ನು ಮೆದುಗೊಳಿಸುತ್ತದೆ. ದನದ ಖೀಮಾ ಸಾಸಿನಲ್ಲಿ ಹದಿನೈದು ನಿಮಿಷಕ್ಕೇ ಸಿದ್ಧವಾಗುತ್ತದಾದರೂ ಕುರಿಯದಕ್ಕೆ ಹೆಚ್ಚು ಹೊತ್ತು ಬೇಕು. ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬೇಯಿಸಿ, ಒಂದು ಚೂರನ್ನು ಕಚ್ಚಿ ನೋಡಿ, ಮೆತ್ತಗಾಗಿದ್ದರೆ ಮಾತ್ರ ಮುಂದಿನ ಹೆಜ್ಜೆ.

ಕೆಚಪ್, ಬೆಲ್ಲ, ಹುಣಸೆ ರಸ, ಸೋಯಾ ಸಾಸುಗಳ ಸರದಿ ಈಗ ಬರುತ್ತದೆ. ಇವುಗಳನ್ನು ಮೊದಲೇ ಹಾಕಿದರೆ ಸಿಹಿಯಂಶ ತಳಕ್ಕೆ ಹತ್ತಿ ಸೀದು ಕಹಿಯಾಗುತ್ತದೆ. ಮುಚ್ಚಳ ತೆಗೆದು, ಆಗಾಗ ತಳ ಮುಟ್ಟಿ ತಿರುವುತ್ತ ಹತ್ತು ನಿಮಿಷ ಇಂಗಿಸಬೇಕು. ಹದ ನೋಡುವುದು ಹೀಗೆ: ಪಾತ್ರೆಯ ನಡುವೆ ಚಮಚದಿಂದ ಒಂದು ಗೆರೆ ಎಳೆಯಿರಿ. ಗೆರೆ ಕೂಡಲೇ ಮುಚ್ಚಿಕೊಂಡರೆ ಇನ್ನೂ ನೀರಿದೆ ಎಂದರ್ಥ. ತಳ ಕಾಣುತ್ತ ಮೂರು ನಾಲ್ಕು ಎಣಿಸುವವರೆಗೆ ನಿಂತು, ಆಮೇಲೆ ಎರಡೂ ಬದಿಯಿಂದ ಸಾಸು ನಿಧಾನವಾಗಿ ಕೂಡಿಕೊಂಡರೆ ಇಳಿಸಬಹುದು. ಅತಿಥಿಗಳು ಬಂದು ಕುಳಿತಿದ್ದು ಇಂಗಿಸಲು ಸಮಯವಿಲ್ಲದಿದ್ದರೆ ಒಂದು ದೊಡ್ಡ ಚಮಚ ಪುಟಾಣಿ ಪುಡಿ ಉದುರಿಸಿ. ಮಂಡಕ್ಕಿ ಒಗ್ಗರಣೆಗೆಂದು ಮನೆಯಲ್ಲಿ ಸದಾ ಇರುವ ಆ ಪುಡಿ ಎರಡೇ ನಿಮಿಷದಲ್ಲಿ ಸಾಸನ್ನು ಹಿಡಿದಿಡುತ್ತದೆ, ಕಾರ್ನ್‌ಫ್ಲೋರಿನಂತೆ ಲೋಳೆಯಾಗುವುದಿಲ್ಲ. ಹಾಗಿದ್ದರೂ ಇಂಗಿಸಿದ ಸಾಸಿನ ರುಚಿಯೇ ಮೇಲು ಎಂಬುದು ನನ್ನ ಅಭಿಪ್ರಾಯ.

ಉಪ್ಪನ್ನು ಈ ಘಟ್ಟದಲ್ಲಿಯೇ ಹಾಕಬೇಕು, ಏಕೆಂದರೆ ಕೆಚಪ್ ಮತ್ತು ಸೋಯಾ ಎರಡರಲ್ಲೂ ಉಪ್ಪಿದ್ದು, ಇಂಗಿದಂತೆ ಅದು ಏರುತ್ತದೆ. ರುಚಿಯನ್ನು ಬರಿದೇ ಚಮಚದಿಂದ ನೋಡದೆ, ಬನ್ನಿನ ಒಂದು ಚೂರಿನ ಮೇಲಿಟ್ಟು ನೋಡಿ. ಬ್ರೆಡ್ಡು ಸೇರಿದಾಗ ಎಲ್ಲವೂ ಸಪ್ಪೆಯಾಗುವುದರಿಂದ, ಚಮಚದಲ್ಲಿ ಕೊಂಚ ತೀಕ್ಷ್ಣವೆನಿಸುವ ಸಾಸೇ ಬನ್ನಿನೊಳಗೆ ಸರಿಯಾಗಿ ಕೂರುತ್ತದೆ. ನಾಲಿಗೆಗೆ ಬರೀ ಸಿಹಿ ಉಳಿದರೆ ಹುಣಸೆ, ಹುಳಿ ಚುಚ್ಚಿದರೆ ಚಿಟಿಕೆ ಬೆಲ್ಲ.

ಬನ್ ಕೊಳ್ಳುವಾಗ ಬೇಕರಿಯಲ್ಲಿ ಟೂಟಿಫ್ರೂಟಿ ಇಲ್ಲದ, ಸಿಹಿ ಕಡಿಮೆ ಇರುವ ದುಂಡನೆಯ ಬನ್ ಬೇಕೆಂದು ಕೇಳಿ. ಪಾವ್ ಆದರೂ ನಡೆಯುತ್ತದೆ. ಅಡ್ಡಲಾಗಿ ಸೀಳಿ, ಒಳಮೈಗೆ ಬೆಣ್ಣೆ ಸವರಿ, ಕಾದ ತವೆಯ ಮೇಲೆ ಕವುಚಿ ಹಾಕಿ ಹೊಂಬಣ್ಣ ಬರುವವರೆಗೆ ಬಿಡಿ. ಬೆಣ್ಣೆಯ ಜಿಡ್ಡು ಮತ್ತು ಗರಿಗರಿಯಾದ ಆ ಪದರ ಸೇರಿ ಸಾಸು ಬೇಗನೆ ಒಳಗಿಳಿಯದಂತೆ ತಡೆಯುತ್ತವೆ. ಕಾಯಿಸದ ಬನ್ನಿಗೆ ಖೀಮಾ ತುಂಬಿದರೆ, ತಟ್ಟೆ ಅಡುಗೆಮನೆಯಿಂದ ಪಡಸಾಲೆಗೆ ಬರುವಷ್ಟರಲ್ಲಿ ಕೆಳಗಿನ ಅರ್ಧ ನೆಂದು ಕಿತ್ತುಬರುತ್ತದೆ. ಒಂದು ಬನ್ನಿಗೆ ಮೂರು ದೊಡ್ಡ ಚಮಚ ಖೀಮಾ ಸಾಕು. ಮೇಲೆ ನಿಂಬೆರಸ ಮತ್ತು ಉಪ್ಪಿನಲ್ಲಿ ಹತ್ತು ನಿಮಿಷ ನೆನೆಸಿದ ಉಳ್ಳಾಗಡ್ಡಿ, ಸೌತೆಕಾಯಿಯ ತೆಳು ಹೋಳುಗಳನ್ನಿಟ್ಟು, ಬಿಸಿಯಿರುವಾಗಲೇ ಕೊಡಿ. ಅಮೆರಿಕದಲ್ಲಿ ಆಲೂಗಡ್ಡೆ ಚಿಪ್ಸ್ ಜೊತೆಗಿಡುತ್ತಾರೆ. ಅದಕ್ಕೆ ನಾನು ಬೇರೆ ಬದಲು ಹುಡುಕಿಲ್ಲ.

ಮಾಂಸ ತಿನ್ನದವರಿಗೆ ಸಣ್ಣ ಕಾಳಿನ ಮೀಲ್ ಮೇಕರ್ ಬಳಸಿ ಇದೇ ಸಾಸನ್ನು ಮಾಡಬಹುದು. 100 ಗ್ರಾಂ ಕಾಳನ್ನು ಬಿಸಿನೀರಿನಲ್ಲಿ ನೆನೆಸಿ, ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ, ಖೀಮಾದಂತೆಯೇ ಕೆಂಪಗೆ ಹುರಿಯಿರಿ. ಬೇಯಿಸುವ ಇಪ್ಪತ್ತು ನಿಮಿಷ ಇದಕ್ಕೆ ಬೇಡ, ನೀರೂ ಅರ್ಧ ಬಟ್ಟಲು ಸಾಕು.

ಉಳಿದ ಖೀಮಾದ ಬಗ್ಗೆ ಎಚ್ಚರ ಬೇಕು. ಬೇಯಿಸಿದ ಮಾಂಸವನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕೆಂಬುದು ಸಾಮಾನ್ಯ ನಿಯಮ. ಸುತ್ತಲಿನ ಬಿಸಿ 32 ಡಿಗ್ರಿ ದಾಟಿದ್ದರೆ ಆ ಅವಧಿ ಒಂದೇ ಗಂಟೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಳ್ಳಾರಿ, ರಾಯಚೂರುಗಳಲ್ಲಿ ಮಧ್ಯಾಹ್ನದ ಪಾತ್ರೆಯನ್ನು ಸಂಜೆಯವರೆಗೆ ಒಲೆಕಟ್ಟೆಯ ಮೇಲೆ ಬಿಡುವುದು ಅಪಾಯ. ಅಗಲವಾದ ಡಬ್ಬಿಯಲ್ಲಿ ತೆಳುವಾಗಿ ಹರಡಿದರೆ ಬೇಗ ತಣ್ಣಗಾಗುತ್ತದೆ, ಫ್ರಿಜ್ಜಿನಲ್ಲಿ ಮೂರು ದಿನ ಚೆನ್ನಾಗಿರುತ್ತದೆ. ಮರುದಿನ ಮೇಲೆ ಹೆಪ್ಪುಗಟ್ಟಿದ ಬಿಳಿ ಕೊಬ್ಬನ್ನು ಚಮಚದಿಂದ ತೆಗೆದು, ಎರಡು ಚಮಚ ನೀರು ಚಿಮುಕಿಸಿ, ಕುದಿ ಬರುವವರೆಗೆ ಬಿಸಿ ಮಾಡಿ, ಬನ್ನನ್ನು ಮಾತ್ರ ಹೊಸದಾಗಿ ತವೆಯ ಮೇಲೆ ಕಾಯಿಸಿಕೊಳ್ಳಿ.