ಕಾಲು ನೋಡಿದ್ದು ಸಾಕು, ಮಗುವಿನ ಕಿವಿ ನೋಡಿ

ದಾವಣಗೆರೆಯ ಮಂಡಕ್ಕಿ ಭಟ್ಟಿ ಕಡೆಯ ಒಂದು ಅಂಗನವಾಡಿಯಲ್ಲಿ ನಾನು 19 ವರ್ಷದಿಂದ ಟೀಚರ್. ಮಗು ಎತ್ತಿಕೊಂಡು ಬರುವ ತಾಯಂದಿರ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಟೀಚರ್, ವರ್ಷ ಆತು, ಇನ್ನೂ ನಡೆಯೋದಿಲ್ಲ ನೋಡ್ರಿ." ಹೆಸರು ಕೂಗಿದರೆ ತಿರುಗೋದಿಲ್ಲ ಅಂತ ಕೇಳಿಕೊಂಡು ಬಂದವರನ್ನು ಬೆರಳಲ್ಲಿ ಎಣಿಸಬಹುದು. ಕಾಲು ಕಣ್ಣಿಗೆ ಕಾಣುತ್ತದೆ. ಕಿವಿ ಕೇಳುತ್ತದೋ ಇಲ್ಲವೋ ಕಾಣುವುದಿಲ್ಲ. ನಾನೂ ಎಡವಿದ್ದು ಅಲ್ಲೇ, ಅದೂ ಹೊಟ್ಟೇಲಿ ಹುಟ್ಟಿದ ಮಗನ ವಿಷಯದಲ್ಲಿ.

ಕಾಲಿನ ಮಾತು ಮೊದಲು ಮುಗಿಸಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ನೋಡಿ ಲೆಕ್ಕ ಹಾಕಿದೆ. ಆಸರೆ ಇಲ್ಲದೆ ಕೂರುವುದು ಸುಮಾರು 4ರಿಂದ 9 ತಿಂಗಳೊಳಗೆ. ತಾನೇ ನಡೆಯುವುದು 8ರಿಂದ 18 ತಿಂಗಳೊಳಗೆ. ಅಂದರೆ ಪಕ್ಕದ ಮನೆಯ ಮಗು 10 ತಿಂಗಳಿಗೆ ನಡೆದು, ನಿಮ್ಮದು 15ಕ್ಕೆ ನಡೆದರೆ ಎರಡೂ ಸರಿ. ಅಂಬೆಗಾಲೇ ಇಡದೆ ಸೀದಾ ನಿಂತು ನಡೆದ ಮಕ್ಕಳೂ ಇದ್ದಾರೆ. ವಾಕರ್‌ಗೆ ದುಡ್ಡು ಹಾಕಬೇಡಿ. ಅದರಿಂದ ಬೇಗ ನಡೆಯುವುದಿಲ್ಲ, ಮೆಟ್ಟಿಲಿಂದ ಉರುಳಿ ಬೀಳುವುದು ಮಾತ್ರ ಗ್ಯಾರಂಟಿ. 18 ತಿಂಗಳು ದಾಟಿಯೂ ನಡೆಯದಿದ್ದರೆ ಡಾಕ್ಟರಿಗೆ ತೋರಿಸಿ. ಕೈಬೆರಳು ನೋಡಬೇಕಾ? ಒಂಬತ್ತು ಹತ್ತು ತಿಂಗಳಲ್ಲಿ ತಟ್ಟೆಗೆ ನಾಲ್ಕು ಕಾಳು ಖಾರ ಹಾಕದ ಮಂಡಕ್ಕಿ ಹಾಕಿ, ಎದುರಿಗೇ ಕೂತು ನೋಡಿ. ಮೊದಲು ಮುಷ್ಟಿಯಲ್ಲಿ ಬಾಚುತ್ತದೆ. ಬರಬರುತ್ತಾ ಹೆಬ್ಬೆರಳು, ತೋರುಬೆರಳು ಸೇರಿಸಿ ಒಂದೊಂದೇ ಎತ್ತುತ್ತದೆ. ಶೇಂಗಾ, ಹುರಿಗಡಲೆ ಮಾತ್ರ ಕೊಡಬೇಡಿ, ಉಸಿರಿನ ದಾರಿಗೆ ಹೋದರೆ ಜೀವಕ್ಕೇ ಅಪಾಯ.

ಇನ್ನು ನನ್ನ ಮಗನ ಕಥೆ. ಅವನ ಅಕ್ಕ ವರ್ಷ ತುಂಬುವ ಮೊದಲೇ ಪಟಪಟ ಮಾತಾಡಿದ್ದಳು. ಇವನು 11 ತಿಂಗಳಿಗೆ ನಡೆದ, ವರ್ಷಕ್ಕೆ ಓಡಿದ. ಎಲ್ಲರಿಗೂ ಖುಷಿ. ಎರಡು ವರ್ಷವಾದರೂ ಬಾಯಲ್ಲಿ "ಅಮ್ಮ", "ಬಾ", "ಆಲು" ಮೂರೇ ಮಾತು. ಆಲು ಅಂದರೆ ಹಾಲು. ನಮ್ಮ ಅತ್ತೆ, "ಅವರಪ್ಪನೂ ಮೂರಕ್ಕೇ ಮಾತಾಡಿದ್ದು, ಸುಮ್ನಿರು" ಅಂದರು. ಬಜೆ ತೇಯ್ದು ನಾಲಿಗೆಗೆ ಸವರಿದೆವು. ಒಬ್ಬ ಡಾಕ್ಟರಿಗೆ ತೋರಿಸಿದರೆ ಅವರು ಕಿವಿಯೊಳಗೆ ನೋಡಲೇ ಇಲ್ಲ, "ಗಂಡುಮಕ್ಕಳು ಸ್ವಲ್ಪ ಲೇಟು" ಅಂತ ಕಳಿಸಿದರು. ಕುಕ್ಕರ್ ಸೀಟಿ ಹೊಡೆದರೆ ಅವನು ತಿರುಗುತ್ತಿದ್ದ. ಆಟೋ ಹಾರ್ನಿಗೆ ಬಾಗಿಲಿಗೆ ಓಡುತ್ತಿದ್ದ. ಕಿವಿ ಚೆನ್ನಾಗೇ ಇದೆ ಅಂದುಕೊಂಡೆವು.

ಒಂದು ದಿನ ಅವನು ಮೊರದಲ್ಲಿ ಅಕ್ಕಿ ಕೆದಕುತ್ತಾ ಕೂತಿದ್ದ. ನಾನು ಹಿಂದಿನಿಂದ ಮೆಲ್ಲಗೆ "ಬಿಸ್ಕೆಟ್" ಅಂದೆ. ಅವನು ತಿರುಗಲಿಲ್ಲ. ಬಿಸ್ಕೆಟ್ಟಿಗೆ ತಿರುಗದ ಮಗು ಎಲ್ಲಾದರೂ ಇದೆಯಾ? ಎದುರಿಗೆ ಬಂದು ಅದೇ ಮಾತು ಹೇಳಿದೆ. ಕೈ ಚಾಚಿದ. ಅವನು ಇಷ್ಟು ದಿನ ನನ್ನ ಬಾಯಿ ನೋಡಿಯೇ ಮಾತು ಹಿಡಿಯುತ್ತಿದ್ದ.

ಬೇರೆ ಕಿವಿ ಡಾಕ್ಟರ ಹತ್ತಿರ ಹೋದಾಗ ಗೊತ್ತಾಯಿತು, ಎರಡೂ ಕಿವಿಯ ಪರದೆಯ ಹಿಂದೆ ನೀರು ತುಂಬಿತ್ತು. ಶೀತ ಆದಾಗ ಹೀಗಾಗುವುದುಂಟು, ಎಷ್ಟೋ ಮಕ್ಕಳಿಗೆ ತಾನಾಗಿ ಇಳಿಯುತ್ತದೆ. ಇವನಿಗೆ ಇಳಿದಿರಲಿಲ್ಲ. ಪೂರ್ತಿ ಕಿವುಡಲ್ಲ, ನೀರಿನೊಳಗೆ ಮುಳುಗಿ ಕೇಳಿದ ಹಾಗೆ. ಕುಕ್ಕರ್ ಕೇಳುತ್ತದೆ, "ಸ", "ಕ", "ಹ" ಜಾರಿ ಹೋಗುತ್ತವೆ. ಹಾಲು ಆಲು ಆಗಿದ್ದಕ್ಕೆ ಅದೂ ಒಂದು ಕಾರಣ. ಮೂರು ತಿಂಗಳು ಕಾದು ನೋಡಿ, ಕೊನೆಗೆ ಪರದೆಗೆ ಚಿಕ್ಕ ಕೊಳವೆ ಕೂರಿಸಿದರು. ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಬಾಟಲಿ ಬಾಯಿಗಿಟ್ಟು ನಾನು ಕೆಲಸಕ್ಕೆ ಓಡುತ್ತಿದ್ದೆ, ಅದೂ ಕಾರಣ ಇರಬಹುದು ಅಂದರು. ಹಾಲು ಕುಡಿಸುವಾಗ ತಲೆ ಎತ್ತರಕ್ಕಿರಲಿ ಅಂತ ಊರಿಗೆಲ್ಲ ಹೇಳುವವಳು ನಾನೇ!

ಮನೆಯಲ್ಲಿ ಕಿವಿ ನೋಡುವುದು ಹೇಗೆ

ಹೆರಿಗೆ ಆಸ್ಪತ್ರೆ ಬಿಡುವ ಮೊದಲೇ "ಕಿವಿ ಟೆಸ್ಟ್ ಆಯ್ತಾ" ಅಂತ ಕೇಳಿ. ಮಗು ಮಲಗಿದ್ದಾಗಲೇ ಮಾಡುತ್ತಾರೆ, ನೋವಿಲ್ಲ. 1 ತಿಂಗಳೊಳಗೆ ಮೊದಲ ಟೆಸ್ಟ್, ಅನುಮಾನ ಬಂದರೆ 3 ತಿಂಗಳೊಳಗೆ ಖಾತ್ರಿ, 6 ತಿಂಗಳೊಳಗೆ ಚಿಕಿತ್ಸೆ ಶುರು ಆಗಬೇಕು. ಸಂಬಂಧದಲ್ಲೇ ಮದುವೆ ಆಗಿದ್ದರೆ, ಮಗು ಐಸಿಯುನಲ್ಲಿ ದಿನಗಟ್ಟಲೆ ಇದ್ದಿದ್ದರೆ, ಕಾಮಾಲೆ ತುಂಬಾ ಏರಿತ್ತು ಅಂದರೆ ಬಿಡಲೇಬೇಡಿ. ಕಿವುಡು ಮಗುವೂ ಮೊದಲ ತಿಂಗಳುಗಳಲ್ಲಿ "ಆ, ಊ" ಅನ್ನುತ್ತದೆ. ಆ ಸದ್ದು ಕೇಳಿ ಸಮಾಧಾನ ಪಟ್ಟುಕೊಳ್ಳಬೇಡಿ.

ಏಳೆಂಟು ತಿಂಗಳಾದ ಮೇಲೆ ನೀವೇ ನೋಡಬಹುದು. ಟಿವಿ, ಫ್ಯಾನ್ ಆರಿಸಿ. ಮಗು ಅಜ್ಜಿಯ ತೊಡೆಯ ಮೇಲೆ ಕೂರಲಿ. ಎದುರಿಗೆ ಇನ್ನೊಬ್ಬರು ಗೊಂಬೆಯೊಂದನ್ನು ತೋರಿಸಿ, ಸ್ವಲ್ಪ ಹೊತ್ತಿಗೆ ಮರೆಮಾಡಲಿ. ಯಾರೂ ಮಾತಾಡಬಾರದು. ನೀವು ಹಿಂದೆ, ಪಕ್ಕಕ್ಕೆ, ಕಿವಿಯ ಮಟ್ಟಕ್ಕೆ, ಎರಡು ಮೊಳ ದೂರದಲ್ಲಿ ಕೂತುಕೊಳ್ಳಿ. ನಿಮ್ಮ ನೆರಳು ಮುಂದೆ ಬೀಳಬಾರದು. ಬಳೆ ತೆಗೆದಿಡಿ. ಮಲ್ಲಿಗೆ ಮುಡಿದಿದ್ದರೆ ಅದನ್ನೂ ತೆಗೆದಿಡಿ, ಮಗು ವಾಸನೆಗೇ ತಿರುಗಿಬಿಡುತ್ತದೆ. ಈಗ ಮೆಲ್ಲಗೆ "ಸ್‌ಸ್‌ಸ್" ಅನ್ನಿ. ಆಮೇಲೆ ಮೆಲ್ಲಗೆ "ಊಂ" ಅನ್ನಿ. ಲೋಟದ ಅಂಚಿಗೆ ಚಮಚ ಸವರಿ. ಚಪ್ಪಾಳೆ ಬೇಡ, ಗಾಳಿ ತಾಗಿದರೂ ತಿರುಗುತ್ತವೆ. ಆ ಕಡೆ ಈ ಕಡೆ ಎರಡೂ ಕಿವಿ ನೋಡಿ. ಶೀತ, ಹಸಿವು, ನಿದ್ದೆ ಇದ್ದ ದಿನ ಬಿಟ್ಟು ಇನ್ನೊಂದು ದಿನ ಮತ್ತೆ ನೋಡಿ. ಎರಡು ದಿನವೂ ತಿರುಗಲಿಲ್ಲ ಅಂದರೆ ಡಾಕ್ಟರ ಹತ್ತಿರ ಹೊರಡಿ. ತಿರುಗಿತು ಅಂತ ಆಸ್ಪತ್ರೆಯ ಮೆಷಿನ್ ಟೆಸ್ಟ್ ಬಿಡುವ ಹಾಗೂ ಇಲ್ಲ.

ಸ್ನಾನ ಆದಮೇಲೆ ಕಿವಿಗೆ ಬೆಚ್ಚಗಿನ ಎಣ್ಣೆ ಬಿಡುವುದು ನಮ್ಮ ಕಡೆ ಇದೆ. ಅಜ್ಜಿಯರ ಜೊತೆ ಜಗಳ ಬೇಡ, ಆದರೆ ಆ ರೂಢಿ ತಪ್ಪಿಸಿ. "ಕೈಕಾಲಿಗೆ ಚೆನ್ನಾಗಿ ತಿಕ್ಕವ್ವ, ಕಿವಿ ಮೂಗು ನನಗೆ ಬಿಡು" ಅಂದರೆ ಎಷ್ಟೋ ಅಜ್ಜಿಯರು ಒಪ್ಪುತ್ತಾರೆ. ಬಜೆಯೂ ಬೇಡ.

ಮಾತು ಬರಿಸುವುದು

ಮಾತು ಬರುವುದು ಮಾತಿನಿಂದ. ಅಕ್ಕಿ ಆರಿಸುವಾಗ, ಬಟ್ಟೆ ಒಗೆಯುವಾಗ ಮಗುವನ್ನು ಎದುರಿಗೆ ಕೂರಿಸಿಕೊಂಡು ಮಾಡುತ್ತಿರುವುದನ್ನೇ ಹೇಳುತ್ತಾ ಹೋಗಿ. ನೀವು ಒಂದು ಮಾತು ಆಡಿ ನಿಲ್ಲಿಸಿ, ಮನಸ್ಸಿನಲ್ಲೇ ಐದು ಎಣಿಸಿ. ಅದಕ್ಕೂ ಬಾಯಿ ತೆರೆಯಲು ಹೊತ್ತು ಬೇಕಲ್ವಾ? ಮಗು "ಬಸ್ಸು" ಅಂದರೆ "ಹೌದು, ಕೆಂಪು ಬಸ್ಸು ಹೋಯ್ತು" ಅನ್ನಿ. ಅದರ ಮಾತಿಗೆ ಒಂದೆರಡು ಮಾತು ಸೇರಿಸಿ, ಅಷ್ಟೇ. "ಇದೇನು, ಅದೇನು, ಮಾಮಾಗೆ ಹೇಳು" ಅಂತ ಪರೀಕ್ಷೆ ಮಾಡಬೇಡಿ. ಮಗು ಬಾಯಿ ಮುಚ್ಚುವುದೇ ಅಲ್ಲಿ. ಎರಡು ವರ್ಷದವರೆಗೆ ಮೊಬೈಲ್ ಬೇಡವೇ ಬೇಡ, ಆಮೇಲೂ ದಿನಕ್ಕೆ ಒಂದು ಗಂಟೆ ದಾಟಬಾರದು. ಮೊಬೈಲ್ ನೀವು ಮಾತು ಮುಗಿಸಿ ಕಾದ ಹಾಗೆ ಕಾಯುವುದಿಲ್ಲ.

ನಮ್ಮ ಕೇಂದ್ರದಲ್ಲಿ ಮನೆಯಲ್ಲಿ ಉರ್ದು, ಲಂಬಾಣಿ, ತೆಲುಗು ಆಡುವ ಮಕ್ಕಳಿದ್ದಾರೆ. ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ. ಮನೆಮಾತು ಬಿಡಬೇಡಿ. ಎಷ್ಟು ಮಾತು ಬಂದಿದೆ ಅಂತ ಎಣಿಸುವಾಗ ಎರಡೂ ಭಾಷೆಯವನ್ನು ಕೂಡಿಸಿ.

ಮೂರು ವರ್ಷದ ಮೇಲೆ ನನ್ನ ಹತ್ತಿರ ಬಂದ ಮಕ್ಕಳಿಗೆ ಎಬಿಸಿಡಿ ಬರೆಸಿ ಅನ್ನುವವರೇ ಜಾಸ್ತಿ. ಮೂರಕ್ಕೆ ಸುತ್ತು ಬರೆದರೆ ಸಾಕು, ನಾಲ್ಕಕ್ಕೆ ಕೂಡಿಸುವ ಗುರುತು, ಚೌಕ ಅದರ ನಂತರ. ಕೈ ಅಷ್ಟರಲ್ಲಿ ಮಣ್ಣಲ್ಲಿ, ಹಿಟ್ಟಲ್ಲಿ ಗಟ್ಟಿಯಾಗಬೇಕು. ನಾನು ಹುಣಸೆ ಬೀಜ ವಿಂಗಡಿಸಲು ಕೊಡುತ್ತೇನೆ, ಕಣ್ಣು ಕದಲಿಸದೆ. ಒಬ್ಬ ಮೂಗಿಗೆ ಏರಿಸಿಕೊಂಡಿದ್ದ.

ಯಾವಾಗ ಕಾಯಬಾರದು

9 ತಿಂಗಳಾದರೂ ಹೆಸರಿಗೆ ತಿರುಗದಿದ್ದರೆ, "ಮಮಮ, ಬಬಬ" ಅನ್ನದಿದ್ದರೆ. ಒಂದೂವರೆ ವರ್ಷಕ್ಕೆ ಬೆರಳು ಮಾಡಿ ತೋರಿಸದಿದ್ದರೆ, ಅಮ್ಮ ಅಪ್ಪ ಬಿಟ್ಟು ಮೂರು ಮಾತೂ ಇಲ್ಲದಿದ್ದರೆ. 2 ವರ್ಷಕ್ಕೆ "ಹಾಲು ಬೇಕು" ಅಂತ ಎರಡು ಮಾತು ಕೂಡಿಸದಿದ್ದರೆ. 3 ವರ್ಷಕ್ಕೆ ಹೊರಗಿನವರಿಗೆ ಅದರ ಮಾತು ಅರ್ಥವಾಗದಿದ್ದರೆ. ಯಾವ ವಯಸ್ಸಲ್ಲೇ ಆಗಲಿ, ಬಂದ ಮಾತು ನಿಂತುಹೋದರೆ. ಕಿವಿ ಸರಿ ಇದ್ದರೂ ಮಾತು ತಡವಾಗಲು ಬೇರೆ ಕಾರಣಗಳಿವೆ, ಆದರೆ ಮೊದಲು ಕಿವಿ.

ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಸರ್ಕಾರದ ಡಾಕ್ಟರ ತಂಡ ಬರುತ್ತದೆ, ಆ ದಿನ ಮಗುವನ್ನು ತಪ್ಪಿಸಬೇಡಿ. ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಇನ್ನೂ ದೊಡ್ಡ ಪರೀಕ್ಷೆ ಬೇಕಾದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಹೋಗುವಾಗ ತಾಯಿ ಕಾರ್ಡ್ ಜೊತೆಗೆ ಮೊಬೈಲಲ್ಲಿ ಎರಡು ವಿಡಿಯೋ ಇರಲಿ. ಮಗು ಮನೆಯಲ್ಲಿ ಮಾತಾಡುವುದು ಒಂದು, ಹಿಂದಿನಿಂದ ಹೆಸರು ಕೂಗಿದಾಗ ಏನು ಮಾಡುತ್ತದೆ ಅನ್ನುವುದು ಇನ್ನೊಂದು. ಡಾಕ್ಟರ ಮುಂದೆ ಮಗು ಬಾಯಿ ಬಿಡುವುದಿಲ್ಲ, ನಮಗೂ ಅಲ್ಲಿ ಅರ್ಧ ಮರೆತುಹೋಗಿರುತ್ತದೆ. ಯಾರಾದರೂ ಕಿವಿಯೊಳಗೆ ನೋಡದೆ "ಲೇಟು, ಕಾಯಿರಿ" ಅಂದರೆ, "ಸಾರ್, ಒಂದ್ಸಲ ಕಿವಿ ನೋಡಿಬಿಡಿ" ಅಂತ ಕುರ್ಚಿಯಿಂದ ಏಳದೆ ಕೇಳಿ.