ಶಾಕ್‌ನೊಳಗೆ ಸೇರಿಕೊಂಡಿದ್ದ ಗಾಳಿ

ಸೋಮವಾರಪೇಟೆ ಕಡೆಯ ನಮ್ಮ ತೋಟದಲ್ಲಿ ಮಳೆಗಾಲಕ್ಕೆ ಕಾಫಿ ಕಣ ಖಾಲಿ. ಮಳೆ ಹೊಳವಾದಾಗೆಲ್ಲ ನಾನೂ ಅಣ್ಣನ ಮಗನೂ ಅಲ್ಲಿ 1/10 ಅಳತೆಯ ರಿಮೋಟ್ ಬಗ್ಗಿ (ಮಣ್ಣುದಾರಿಯ ಆಟದ ಕಾರು) ಓಡಿಸುತ್ತೇವೆ. ಕಣದ ಮೇಲೆ ಚೆನ್ನಾಗಿಯೇ ಓಡುತ್ತಿತ್ತು. ಕೆಮ್ಮಣ್ಣಿನ ದಾರಿಗೆ ಇಳಿದರೆ ಮಾತ್ರ ಚೆಂಡಿನ ಹಾಗೆ ಪುಟಿದು ಮಗುಚಿಕೊಳ್ಳುತ್ತಿತ್ತು. ಸ್ಪ್ರಿಂಗ್ ಗಟ್ಟಿಯಾಯಿತೇನೋ ಎಂದು ಮೆತ್ತಗಿನದು ಹಾಕಿ ನೋಡಿದೆ, ಪ್ರಯೋಜನವಾಗಲಿಲ್ಲ.

"ಚಿಕ್ಕಪ್ಪ, ಒಳಗೆ ಏನೋ ಪಿಚಪಿಚ ಅಂತಿದೆ" ಎಂದವನು ಹುಡುಗನೇ. ಚಕ್ರದ ಅದುರು ತಡೆಯುವ, ಎಣ್ಣೆ ತುಂಬಿದ ಶಾಕ್ (ಶಾಕ್ ಅಬ್ಸಾರ್ಬರ್) ಚಕ್ರಕ್ಕೊಂದರಂತೆ ನಾಲ್ಕಿವೆ. ಒಂದನ್ನು ಬಿಚ್ಚಿ ಕಿವಿಗೆ ಹಿಡಿದು ಒತ್ತಿದೆ. ಹೌದು, ಎಣ್ಣೆ ಅರ್ಧ ಸೋರಿ ಗಾಳಿ ತುಂಬಿಕೊಂಡಿತ್ತು. ಸ್ಪ್ರಿಂಗ್ ಗಾಡಿಯನ್ನು ಎತ್ತಿ ಹಿಡಿಯುತ್ತದೆ, ಅಷ್ಟೇ. ಕುಣಿತ ನಿಲ್ಲಿಸುವುದು ಶಾಕ್‌ನೊಳಗೆ ಆಡುವ ಪಿಸ್ಟನ್‌ನ ಸಣ್ಣ ತೂತುಗಳಲ್ಲಿ ನುಸುಳಲು ಒದ್ದಾಡುವ ಎಣ್ಣೆ. ಗಾಳಿಗೆ ಆ ಒದ್ದಾಟವಿಲ್ಲ, ಸುಮ್ಮನೆ ಕುಗ್ಗುತ್ತದೆ.

ಸೋರಿದ್ದು ನನ್ನ ತಪ್ಪಿನಿಂದ. ಮೊದಲ ಸಲ ಜೋಡಿಸುವಾಗ ಕೆಳಗಿನ ಬಾಲ್ ಎಂಡ್ (ಶಾಕನ್ನು ಗಾಡಿಗೆ ಸಿಕ್ಕಿಸುವ ತುದಿ) ತಿರುಗಿಸಲು ಶಾಫ್ಟನ್ನು, ಅಂದರೆ ಪಿಸ್ಟನ್ ಕೂತ ಕಡ್ಡಿಯನ್ನು, ಬರಿಯ ಪ್ಲೈಯರ್‌ನಲ್ಲಿ ಹಿಡಿದಿದ್ದೆ. ಉಗುರು ಎಳೆದರೆ ಸಿಗುವಂಥ ಗೀರು ಬಿದ್ದಿತ್ತು. ಅದು ಮೇಲೆ ಕೆಳಗೆ ಹೋದಾಗೆಲ್ಲ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಓ-ರಿಂಗನ್ನು ಕೆರೆದಿದೆ. ಹೊಸ ಶಾಫ್ಟ್, ಹೊಸ ರಿಂಗ್ ತರಿಸಿದೆ.

ಈ ಸಲ ರಿಂಗುಗಳನ್ನು ಎಣ್ಣೆಯಲ್ಲಿ ಅದ್ದಿ ಕೂರಿಸಿದೆ. ಶಾಫ್ಟಿನ ತುದಿಯ ತಿರುಪಿನ ಮರೆ ಅವುಗಳನ್ನು ಹರಿಯದಿರಲೆಂದು ಅಲ್ಲಿಗೂ ಒಂದು ಹನಿ ಹಚ್ಚಿ, ನಿಧಾನವಾಗಿ ತಿರುಗಿಸುತ್ತ ದೂಡಿದೆ. ಬಾಲ್ ಎಂಡ್ ಹಾಕುವಾಗ ಶಾಫ್ಟಿಗೆ ಹಳೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ಹಿಡಿದೆ. ಪಿಸ್ಟನ್ ಕೆಳಗಿಳಿಸಿ, 350 ಸಿಎಸ್‌ಟಿಯ (ಎಣ್ಣೆಯ ಮಂದತನದ ಅಳತೆ) ಸಿಲಿಕೋನ್ ಎಣ್ಣೆ ಸುರಿದು, ಪಿಸ್ಟನ್ ಎಣ್ಣೆಯಿಂದ ಹೊರಬರದಂತೆ ಮೆಲ್ಲಗೆ ಆಡಿಸಿದೆ. ಸಾಸಿವೆಯಷ್ಟು ಗುಳ್ಳೆಗಳು ಒಂದೊಂದಾಗಿ ಎದ್ದವು. ಇಲ್ಲಿ ಅವಸರ ಮಾಡಲೇಬಾರದು. ನಾಲ್ಕನ್ನೂ ನೆಟ್ಟಗೆ ನಿಲ್ಲಿಸಿ ಕಾಫಿ ಕುಡಿದು ಬಂದೆವು. ಆಮೇಲೆ ಅಂಚಿನವರೆಗೆ ಎಣ್ಣೆ ತುಂಬಿ ರಬ್ಬರ್ ಡಯಾಫ್ರಮ್ ಇಟ್ಟು, ಹೆಚ್ಚಾದದ್ದು ಅಂಚಿನಲ್ಲಿ ಹೊರಬರುವಂತೆ ಮುಚ್ಚಳ ಬಿಗಿದೆ. ಶಾಫ್ಟ್ ಒಳಗೆ ಹೋದಾಗ ಅದರ ಗಾತ್ರದಷ್ಟು ಎಣ್ಣೆಗೆ ಜಾಗ ಬೇಕಲ್ಲ, ಆ ಜಾಗ ಬಿಟ್ಟುಕೊಡುವುದು ಈ ರಬ್ಬರ್.

ಎಡ ಬಲ ಎರಡನ್ನೂ ಬಾಲ್ ಎಂಡ್ ಎದುರುಬದುರು ಇಟ್ಟು ಒಟ್ಟಿಗೆ ಒತ್ತಿ ನೋಡಿದೆ. ಒಂದು ಮುಂಚೆ ಮುಳುಗಿದರೆ ಅದನ್ನು ಮತ್ತೆ ಬಿಚ್ಚಬೇಕು. ಮುಂದಿನ ಜೋಡಿಯನ್ನು ನಾನು ಎರಡು ಸಲ ಬಿಚ್ಚಿದೆ. ಉದ್ದವನ್ನು ಕ್ಯಾಲಿಪರ್‌ನಲ್ಲಿ ಅಳೆದು ಸಮ ಮಾಡಿದೆ.

ಗಾಡಿಗೆ ಕೂರಿಸುವುದು ಹೆಚ್ಚು ಹೊತ್ತಿನ ಕೆಲಸವಲ್ಲ. ಕೆಳತುದಿಯನ್ನು ಚಕ್ರ ಹಿಡಿದಿರುವ ಆರ್ಮ್‌ನ ಹೊರಗಿನ ತೂತಿಗೆ ಹಾಕಿದರೆ ಗಟ್ಟಿ, ಮೇಲ್ತುದಿಯನ್ನು ಒಳಕ್ಕೆ ವಾಲಿಸಿದರೆ ಮೊದಲ ಅದುರಿಗೆ ಮೆತ್ತಗೆ. ನಮ್ಮ ಬೇರು, ಕಲ್ಲಿನ ದಾರಿಗೆ ವಾಲಿಸಿದ್ದೇ ಸರಿಹೋಯಿತು. ಚಳಿಗೆ ಎಣ್ಣೆ ಮಂದವಾಗುವುದರಿಂದ ಡಿಸೆಂಬರಿನಲ್ಲಿ 300ಕ್ಕೆ ಇಳಿಸುತ್ತೇನೆ.

ಮೊಣಕಾಲೆತ್ತರದಿಂದ ಗಾಡಿಯನ್ನು ಬಿಟ್ಟೆ. ಧಪ್ ಎಂದು ಕೂತು, ಒಮ್ಮೆ ತಗ್ಗಿ, ಮೇಲೆದ್ದು ನಿಂತಿತು. ಹುಡುಗ ಮಾತಾಡದೆ ರಿಮೋಟ್ ಎತ್ತಿಕೊಂಡು ಕೆಮ್ಮಣ್ಣಿನ ದಾರಿಗೆ ಹೊರಟ. ಓಡಿಸಿ ಬಂದ ಮೇಲೆ ಶಾಫ್ಟಿಗೆ ಮೆತ್ತಿದ ಕೆಸರು ಒರೆಸುವುದು ಈಗ ಅವನದೇ ಕೆಲಸ.